ಹೆಸರಿನಲ್ಲಿ ಮಂಗ, ಹರಡುವುದು ಉಣುಗು: ರೋಗಶಾಸ್ತ್ರದ ಪದಗಳು ಹೇಳುವುದೇನು?

ಕನ್ನಡ ಪತ್ರಿಕೆಗಳಲ್ಲಿ ಮಂಗನ ಹೆಸರು ಹೊತ್ತು ಬರುವ ರೋಗಗಳು ಮೂರು. ಮಕ್ಕಳ ದವಡೆಯ ಬದಿಯಲ್ಲಿ ಊತ ತರುವ ಮಂಗನ ಬಾವು ಒಂದು. ಪ್ರತಿ ಬೇಸಿಗೆಯಲ್ಲೂ ಮಲೆನಾಡಿಗರ ನಿದ್ದೆಗೆಡಿಸುವ ಮಂಗನ ಕಾಯಿಲೆ ಇನ್ನೊಂದು. 2022ರಲ್ಲಿ ಹಲವು ದೇಶಗಳಿಗೆ ಹಬ್ಬಿ ಸುದ್ದಿಯಾದ ಮಂಕಿಪಾಕ್ಸ್ ಮಗದೊಂದು. ಈ ಮೂರರಲ್ಲಿ ಒಂದನ್ನೂ ಮಂಗನ ತಲೆಗೆ ಕಟ್ಟುವಂತಿಲ್ಲ ಎಂಬುದು ವಿಚಿತ್ರವಾದರೂ ಸತ್ಯ.

ಮಂಗನ ಬಾವಿಗೂ ಮಂಗನಿಗೂ ಎಳ್ಳಷ್ಟೂ ಸಂಬಂಧವಿಲ್ಲ. ಲಾಲಾಗ್ರಂಥಿ ಊದಿದಾಗ ಮುಖ ಮಂಗನ ಮೂತಿಯಂತೆ ತೋರುವುದರಿಂದ ಆ ಹೆಸರು ಎಂಬುದು ರೂಢಿಯ ವಿವರಣೆ. ಆ ವೈರಾಣುವಿನ ಸಹಜ ಮನೆ ಮನುಷ್ಯನೇ. ಮಂಕಿಪಾಕ್ಸ್ ವೈರಾಣು 1958ರಲ್ಲಿ ಕೋಪನ್‌ಹೇಗನ್‌ನ ಪ್ರಯೋಗಾಲಯವೊಂದರಲ್ಲಿ ಸಾಕಿದ್ದ ಮಂಗಗಳಲ್ಲಿ ಮೊದಲು ಪತ್ತೆಯಾಯಿತು. ಸಿಕ್ಕ ಜಾಗದ ಹೆಸರೇ ಅಂಟಿಕೊಂಡಿತು. ಅದರ ಮೂಲ ಆಶ್ರಯ ಆಫ್ರಿಕಾದ ಇಲಿ, ಅಳಿಲು ಜಾತಿಯ ದಂಶಕಗಳಿರಬಹುದೆಂಬುದು ವಿಜ್ಞಾನಿಗಳ ಅಂದಾಜು. ಹೆಸರು ಕಳಂಕಕ್ಕೆ ಕಾರಣವಾಗುತ್ತಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2022ರ ನವೆಂಬರ್‌ನಲ್ಲಿ ಅದನ್ನು ‘ಎಂಪಾಕ್ಸ್’ ಎಂದು ಬದಲಿಸಿತು. ಇನ್ನು ಮಂಗನ ಕಾಯಿಲೆಯಲ್ಲಿ ಮಂಗ ಅಪರಾಧಿಯಲ್ಲ. ಮನುಷ್ಯನಿಗಿಂತ ಮೊದಲು ಸಾಯುವ ನತದೃಷ್ಟ ಪ್ರಾಣಿ ಅದು.

ಹೆಸರಿನ ಈ ಗೊಂದಲ ಬರಿಯ ಭಾಷೆಯ ಚರ್ಚೆಯಾಗಿದ್ದರೆ ಪಂಡಿತರಿಗೆ ಬಿಟ್ಟುಬಿಡಬಹುದಿತ್ತು. ಆದರೆ ‘ನಾನು ಮಂಗವನ್ನೇ ನೋಡಿಲ್ಲ, ನನಗೇಕೆ ಆ ಕಾಯಿಲೆ ಬರುತ್ತದೆ?’ ಎಂದು ಜ್ವರವನ್ನು ನಾಲ್ಕು ದಿನ ಮನೆಯಲ್ಲೇ ಇಟ್ಟುಕೊಳ್ಳುವವನಿಗೆ ಈ ಗೊಂದಲ ಪ್ರಾಣಕ್ಕೇ ಕುತ್ತು ತರಬಲ್ಲದು. ರೋಗಿಯ ಮನೆಯತ್ತ ಸುಳಿಯಲು ಹೆದರುವ ನೆರೆಹೊರೆಯವರಿಗೂ, ‘ಸಾಂಕ್ರಾಮಿಕ’ ಎಂಬ ಒಂದೇ ಪದದಲ್ಲಿ ಎಲ್ಲವನ್ನೂ ತುರುಕುವ ಸುದ್ದಿಮನೆಗಳಿಗೂ ಇದೇ ಮಾತು ಅನ್ವಯಿಸುತ್ತದೆ. ರೋಗಗಳ ಅಧ್ಯಯನದಲ್ಲಿ ಬಳಕೆಯಾಗುವ ಮೂಲ ಪರಿಕಲ್ಪನೆಗಳನ್ನು ಅರಿಯಲು ಹೊರದೇಶದ ಉದಾಹರಣೆ ಬೇಕಿಲ್ಲ. ಶಿವಮೊಗ್ಗ ಜಿಲ್ಲೆಯ ಸಾಗರ ಸೀಮೆಯೊಂದೇ ಸಾಕು. ಪರಸ್ಪರ ತದ್ವಿರುದ್ಧ ಸ್ವಭಾವದ ಎರಡು ರೋಗಗಳು ಜಗತ್ತಿಗೆ ಪರಿಚಯವಾದದ್ದು ಅಲ್ಲಿಂದಲೇ.

ಕ್ಯಾಸನೂರಿನ ಕಾಡಿನಲ್ಲಿ

1957ರ ಮಾತು. ಅಂದಿನ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನ ಸುತ್ತಮುತ್ತ ಮುಸುವ ಹಾಗೂ ಕೆಂಪುಮೂತಿಯ ಮಂಗಗಳು ಸತ್ತು ಬೀಳತೊಡಗಿದವು. ಹಳ್ಳಿಗಳಲ್ಲಿ ಜನರಿಗೂ ವಿಪರೀತ ಜ್ವರ. ಮೊದಲಿಗೆ ಇದನ್ನು ವಿಷಮಶೀತ ಜ್ವರವೆಂದೇ ಬಗೆಯಲಾಗಿತ್ತು. ಪುಣೆಯ ವೈರಾಣು ಸಂಶೋಧನಾ ಕೇಂದ್ರದ (ಇಂದಿನ ರಾಷ್ಟ್ರೀಯ ವೈರಾಣು ಸಂಸ್ಥೆ) ತಜ್ಞರು ಧಾವಿಸಿ ಬಂದಾಗ ಅವರ ಮನಸ್ಸಿನಲ್ಲಿದ್ದ ಭಯವೇ ಬೇರೆ. ಆಫ್ರಿಕಾ ಮತ್ತು ದಕ್ಷಿಣ ಅಮೆರಿಕಗಳನ್ನು ಕಾಡುವ, ಏಷ್ಯಾಕ್ಕೆ ಎಂದೂ ಕಾಲಿಡದ ಹಳದಿ ಜ್ವರ ಭಾರತಕ್ಕೆ ಬಂದುಬಿಟ್ಟಿತೇ ಎಂಬ ಆತಂಕ. ದಕ್ಷಿಣ ಅಮೆರಿಕದಲ್ಲಿ ಹಳದಿ ಜ್ವರದ ಮುನ್ಸೂಚನೆ ಸಿಗುವುದೂ ಮಂಗಗಳ ಸಾವಿನಿಂದಲೇ.

ಟೆಲ್‌ಫರ್ಡ್ ವರ್ಕ್, ಹೆರಾಲ್ಡ್ ಟ್ರಾಪಿಡೊ ಮೊದಲಾದವರ ತಂಡ ಮಂಗಗಳಿಂದಲೂ ರೋಗಿಗಳಿಂದಲೂ ವೈರಾಣುವನ್ನು ಪ್ರತ್ಯೇಕಿಸಿತು. ಅದು ಹಳದಿ ಜ್ವರದ್ದಾಗಿರಲಿಲ್ಲ. ಅಚ್ಚರಿಯೆಂದರೆ, ಅದು ರಷ್ಯಾದ ಕಾಡುಗಳಲ್ಲಿ ಉಣುಗುಗಳಿಂದ ಹರಡುವ ಮಿದುಳುಜ್ವರದ ವೈರಾಣುವಿನ ಹತ್ತಿರದ ಬಂಧುವಾಗಿತ್ತು. ಸೈಬೀರಿಯಾದ ಕಡೆಯ ಕುಲದ್ದೊಂದು ಸಾಗರದ ಬಳಿ ಹೇಗೆ? ವಲಸೆ ಹಕ್ಕಿಗಳು ಹೊತ್ತು ತಂದಿರಬಹುದೇ ಎಂಬ ಶಂಕೆಯೂ ಮೂಡಿತು. ಸಲೀಂ ಅಲಿ ಅವರ ನೇತೃತ್ವದಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ನಡೆಸಿದ, ಹಕ್ಕಿಗಳ ಕಾಲಿಗೆ ಉಂಗುರ ತೊಡಿಸುವ ದೊಡ್ಡ ಅಧ್ಯಯನಕ್ಕೆ ವಿಶ್ವ ಆರೋಗ್ಯ ಸಂಸ್ಥೆಯ ನೆರವು ದೊರೆತುದರ ಹಿಂದೆ ಈ ಪ್ರಶ್ನೆಯೂ ಇತ್ತು. ಭಾರತದ ಪಕ್ಷಿಶಾಸ್ತ್ರಕ್ಕೆ ಮಲೆನಾಡಿನ ಜ್ವರ ನೀಡಿದ ಅನಿರೀಕ್ಷಿತ ಕೊಡುಗೆಯಿದು.

ಈ ಶೋಧದ ಕಥೆಯಲ್ಲೇ ರೋಗಶಾಸ್ತ್ರದ ಮೊದಲ ಪದವೊಂದು ಅಡಗಿದೆ: ನಿದಾನ. ‘ನಿಧಾನ’ ಎಂದರೆ ತಡ, ‘ನಿದಾನ’ ಎಂದರೆ ಮೂಲಕಾರಣ. ಮಹಾಪ್ರಾಣವೊಂದರ ವ್ಯತ್ಯಾಸದಲ್ಲಿ ಅರ್ಥವೇ ಬದಲಾಗುವ ಈ ಪದವನ್ನು ಮುದ್ರಣದಲ್ಲೂ ತಪ್ಪಾಗಿ ಬಳಸುವುದುಂಟು. ಆಯುರ್ವೇದದಲ್ಲಿ ರೋಗವನ್ನು ಅರಿಯಲು ಐದು ಸಾಧನಗಳನ್ನು ಹೇಳಲಾಗಿದೆ: ನಿದಾನ, ಪೂರ್ವರೂಪ, ರೂಪ, ಉಪಶಯ, ಸಂಪ್ರಾಪ್ತಿ. ಕಾರಣ, ಮುನ್ಸೂಚನೆ, ಪ್ರಕಟ ಲಕ್ಷಣ, ಯಾವುದರಿಂದ ಶಮನವಾಗುತ್ತದೆ ಎಂಬ ಪರೀಕ್ಷೆ ಹಾಗೂ ದೇಹದೊಳಗೆ ರೋಗ ಬೆಳೆದು ಬರುವ ಬಗೆ ಎಂದು ಇವನ್ನು ಸ್ಥೂಲವಾಗಿ ವಿವರಿಸಬಹುದು. ಆಧುನಿಕ ವೈದ್ಯಶಾಸ್ತ್ರದ ಸಿದ್ಧಾಂತಗಳೇ ಬೇರೆಯಾದರೂ ಅದು ಕೇಳುವ ಪ್ರಶ್ನೆಗಳಲ್ಲಿ ಹೆಚ್ಚಿನವು ಇವೇ. ಆದರೆ ಇಂದಿನ ಕನ್ನಡದಲ್ಲಿ ‘ರೋಗನಿದಾನ’ ಎಂಬ ಪದವನ್ನು ಕಾರಣಕ್ಕೂ, ರೋಗ ಯಾವುದೆಂದು ಗುರುತಿಸುವ ಕ್ರಿಯೆಗೂ ಒಟ್ಟಿಗೆ ಬಳಸುತ್ತಿರುವುದರಿಂದ ಎರಡೂ ಬೆರೆತುಹೋಗಿವೆ. ರೋಗ ಯಾವುದೆಂದು ಗೊತ್ತಾದ ಮಾತ್ರಕ್ಕೆ ಅದರ ಕಾರಣ ಗೊತ್ತಾದಂತಲ್ಲ. ಎರಡಕ್ಕೂ ನಡುವೆ ಕೆಲವೊಮ್ಮೆ ದಶಕಗಳ ಅಂತರವಿರುತ್ತದೆ.

‘ವಾಹಕ’ ಎಂದರೆ ಯಾರು?

ಮಂಗನ ಕಾಯಿಲೆಯ ರೋಗಕಾರಕ ಫ್ಲೇವಿವೈರಸ್ ಕುಲದ ಒಂದು ವೈರಾಣು. ಡೆಂಗೆ, ಹಳದಿ ಜ್ವರ, ಜಪಾನಿ ಮಿದುಳುಜ್ವರದ ವೈರಾಣುಗಳೂ ಇದೇ ಕುಲದವು. ಆದರೆ ಅವೆಲ್ಲ ಸೊಳ್ಳೆಯ ಸವಾರಿ ಮಾಡಿದರೆ, ಇದರದು ಉಣುಗಿನ ಸವಾರಿ. ಹೀಮಾಫೈಸಾಲಿಸ್ ಸ್ಪಿನಿಜೆರಾ ಎಂಬ ಕಾಡುಣುಗು ಇದರ ಮುಖ್ಯ ವಾಹಕ. ಉಣುಗು, ಉಣ್ಣೆ, ಉಣ್ಣಿ ಎಂದು ಊರಿಗೊಂದು ಹೆಸರು, ಜೀವಿ ಅದೇ.

ಉಣುಗಿನ ಬದುಕಿನಲ್ಲಿ ಮೊಟ್ಟೆಯ ನಂತರ ಮೂರು ಹಂತಗಳು. ಪ್ರತಿ ಹಂತದಲ್ಲೂ ಅದಕ್ಕೆ ಒಂದು ರಕ್ತದೂಟ ಬೇಕು. ಮಳೆಗಾಲ ಕಳೆದೊಡನೆ ಕಾಣಿಸಿಕೊಳ್ಳುವ ಆರು ಕಾಲಿನ ಲಾರ್ವಾ ಇಲಿ, ಸುಂಡಿಲಿ, ಹಕ್ಕಿ ಅಥವಾ ಮಂಗದ ರಕ್ತ ಹೀರಿ ಉದುರುತ್ತದೆ. ಸೋಂಕಿತ ಪ್ರಾಣಿಯ ರಕ್ತ ಹೀರಿದ್ದರೆ ವೈರಾಣು ಅದರೊಳಗೇ ಉಳಿದು, ಪೊರೆ ಕಳಚಿ ಮುಂದಿನ ಹಂತಕ್ಕೆ ಬಂದಾಗಲೂ ಜೊತೆಗಿರುತ್ತದೆ. ಸಾಸಿವೆಗಿಂತ ತುಸು ದೊಡ್ಡದಾದ, ಎಂಟು ಕಾಲಿನ ಈ ಎರಡನೆಯ ಹಂತದ ಮರಿಯುಣುಗೇ ಮನುಷ್ಯನಿಗೆ ಅಪಾಯಕಾರಿ. ನವೆಂಬರ್‌ನಿಂದ ಮೇವರೆಗೆ ಕಾಡಿನ ತರಗೆಲೆಗಳ ಮೇಲೆ ಇವುಗಳ ರಾಜ್ಯಭಾರ. ಸೌದೆಗೆ, ದನ ಮೇಯಿಸಲಿಕ್ಕೆ, ಅಡಿಕೆ ತೋಟಕ್ಕೆ ಬೇಕಾದ ಸೊಪ್ಪು-ದರಗು ತರಲು ಸೊಪ್ಪಿನಬೆಟ್ಟಕ್ಕೆ ಜನ ಹೋಗುವುದೂ ಅದೇ ತಿಂಗಳುಗಳಲ್ಲಿ. ರೋಗದ ಋತು ನಿರ್ಧಾರವಾಗುವುದು ಈ ಎರಡು ಪಂಚಾಂಗಗಳು ಕೂಡುವಲ್ಲಿ. ಕೊನೆಯ ಹಂತದ ದೊಡ್ಡ ಉಣುಗು ಹೆಚ್ಚಾಗಿ ದನಕರುಗಳನ್ನು ಅವಲಂಬಿಸುತ್ತದೆ. ದನಗಳಿಂದ ರೋಗ ಹರಡದಿದ್ದರೂ ಉಣುಗಿನ ಸಂತತಿ ಬೆಳೆಯಲು ಅವು ನೆರವಾಗುತ್ತವೆ.

ಇಲ್ಲಿ ಪಾತ್ರಗಳನ್ನು ಬೇರ್ಪಡಿಸಬೇಕು. ವೈರಾಣು ರೋಗಕಾರಕ. ಉಣುಗು ವಾಹಕ. ರೋಗಕಾರಕವನ್ನು ತಲೆತಲಾಂತರ ಸದ್ದಿಲ್ಲದೆ ಉಳಿಸಿಕೊಂಡು ಬರುವ ಉಣುಗು ಮತ್ತು ಕಾಡಿನ ಸಣ್ಣ ಸಸ್ತನಿಗಳು ಆಶ್ರಯತಾಣ. ಮಂಗ ಒಂದು ವರ್ಧಕ ಆತಿಥೇಯ. ಅದರ ರಕ್ತದಲ್ಲಿ ವೈರಾಣು ಹೇರಳವಾಗಿ ವೃದ್ಧಿಸುವುದರಿಂದ ಅದನ್ನು ಕಚ್ಚಿದ ನೂರಾರು ಉಣುಗುಗಳಿಗೆ ಸೋಂಕು ಹಂಚಿಕೆಯಾಗುತ್ತದೆ. ಮಂಗ ಸತ್ತೊಡನೆ ಹಸಿದ ಉಣುಗುಗಳು ಶವ ಬಿಟ್ಟು ಸುತ್ತಲ ನೆಲಕ್ಕಿಳಿಯುತ್ತವೆ. ಸತ್ತ ಮಂಗದ ಬಳಿಗೆ ಹೋಗದೆ ಆರೋಗ್ಯ ಇಲಾಖೆಗೆ ತಿಳಿಸಿ ಎಂದು ಹೇಳುವುದು ಇದಕ್ಕಾಗಿಯೇ. ಶವ ಕಂಡ ಜಾಗದ ಸುತ್ತ ಕೀಟನಾಶಕ ಪುಡಿ ಎರಚುವುದೂ ಇದಕ್ಕೇ. ಬದುಕಿರುವ ಮಂಗಗಳನ್ನು ಹೊಡೆದೋಡಿಸುವುದರಿಂದ ಆಗುವ ಪ್ರಯೋಜನ ಶೂನ್ಯ.

ಮನುಷ್ಯನ ಪಾತ್ರವೇನು? ಆತ ಕೊನೆಯ ನಿಲ್ದಾಣ. ಇಲ್ಲಿಂದ ಮುಂದಕ್ಕೆ ವೈರಾಣುವಿಗೆ ದಾರಿಯಿಲ್ಲ. ಮಂಗನ ಕಾಯಿಲೆ ಒಬ್ಬರಿಂದ ಒಬ್ಬರಿಗೆ ಹರಡಿದ ನಿದರ್ಶನ ದಾಖಲಾಗಿಲ್ಲ. ಪ್ರಯೋಗಾಲಯದಲ್ಲಿ ವೈರಾಣುವನ್ನು ಬೆಳೆಸುವಾಗ ಸಿಬ್ಬಂದಿಗೆ ಸೋಂಕು ತಗುಲಿದ್ದುಂಟು, ಅದು ಬೇರೆ ಮಾತು. ಅಂದರೆ ಇದು ಸೋಂಕುರೋಗ ಹೌದು, ಅಂಟುರೋಗ ಅಲ್ಲ. ಸೋಂಕುರೋಗವೆಂದರೆ ಸೂಕ್ಷ್ಮಜೀವಿಯೊಂದು ದೇಹ ಹೊಕ್ಕು ಉಂಟುಮಾಡುವ ರೋಗ. ಅದು ರೋಗಿಯ ಸಂಪರ್ಕದಿಂದಲೇ ಇನ್ನೊಬ್ಬರಿಗೆ ದಾಟಿದರೆ ಮಾತ್ರ ಅಂಟುರೋಗ. ಧನುರ್ವಾಯು ಸೋಂಕೇ, ಆದರೆ ಯಾರಿಂದಲೂ ಅಂಟುವುದಿಲ್ಲ. ದಡಾರ ಎರಡೂ ಹೌದು. ಮಂಗನ ಕಾಯಿಲೆಯ ರೋಗಿಯ ತಟ್ಟೆ-ಲೋಟ ಬೇರೆಯಿಡುವ, ಮನೆಗೆ ಹೋಗಲು ಹಿಂಜರಿಯುವ ವರ್ತನೆಗೆ ವಿಜ್ಞಾನದ ಆಧಾರವಿಲ್ಲ.

‘ವಾಹಕ’ ಎಂಬ ಪದದ ಬಗ್ಗೆ ಇನ್ನೊಂದು ತಕರಾರು ಇದೆ. ಕನ್ನಡ ಬರಹಗಳಲ್ಲಿ ಇದು ಮೂರು ಬೇರೆ ಬೇರೆ ಅರ್ಥಗಳಲ್ಲಿ ಚಲಾವಣೆಯಲ್ಲಿದೆ. ರೋಗಕಾರಕವನ್ನು ಸಾಗಿಸುವ ಸೊಳ್ಳೆ, ಉಣುಗುಗಳೂ ವಾಹಕ. ರೋಗಲಕ್ಷಣವಿಲ್ಲದೆ ಸೋಂಕನ್ನು ಹೊತ್ತು ಹರಡುವ ಮನುಷ್ಯನೂ (ವಿಷಮಶೀತ ಜ್ವರದಲ್ಲಿ ಇಂಥವರಿರುತ್ತಾರೆ) ವಾಹಕ. ಕುಸುಮರೋಗದಂಥ ಅನುವಂಶಿಕ ರೋಗದ ವಂಶವಾಹಿಯನ್ನು ಹೊತ್ತು, ತಾನು ಬಹುಮಟ್ಟಿಗೆ ಆರೋಗ್ಯವಾಗಿದ್ದು ಮಕ್ಕಳಿಗೆ ದಾಟಿಸುವ ತಾಯಿಯೂ ವಾಹಕ! ಮೂವರನ್ನೂ ಒಂದೇ ಹೆಸರಿನಿಂದ ಕರೆದರೆ ಓದುಗ ಏನೆಂದುಕೊಳ್ಳಬೇಕು? ಮೊದಲನೆಯದಕ್ಕೆ ‘ರೋಗವಾಹಕ ಕೀಟ’ ಎಂದಾದರೂ ಬರೆಯುವುದು ಕ್ಷೇಮ. ಉಣುಗು ಕಟ್ಟುನಿಟ್ಟಾಗಿ ಕೀಟವಲ್ಲ, ಜೇಡದ ಬಳಗದ್ದು ಎಂದು ಪ್ರಾಣಿಶಾಸ್ತ್ರದವರು ತಗಾದೆ ತೆಗೆಯಬಹುದು, ಇರಲಿ.

ಕಚ್ಚಿದ ದಿನ, ಜ್ವರ ಬಂದ ದಿನ

ಸೋಂಕು ತಗುಲುವುದಕ್ಕೂ ರೋಗ ಕಾಣಿಸಿಕೊಳ್ಳುವುದಕ್ಕೂ ನಡುವಿನ ಅವಧಿಯೇ ಹುದುಗುಕಾಲ. ಮಂಗನ ಕಾಯಿಲೆಯಲ್ಲಿ ಅದು ಸಾಮಾನ್ಯವಾಗಿ 3ರಿಂದ 8 ದಿನ. ಈ ಅಂಕಿಯ ಮಹತ್ವ ಬೆಂಗಳೂರಿನಂಥ ನಗರದವರಿಗೇ ಹೆಚ್ಚು. ವಾರಾಂತ್ಯದಲ್ಲಿ ಶರಾವತಿ ಕಣಿವೆಗೋ ತೀರ್ಥಹಳ್ಳಿಯ ಕಡೆಗೋ ಚಾರಣಕ್ಕೆ ಹೋಗಿ ಬಂದವರಿಗೆ ಜ್ವರ ಬರುವುದು ಕಾಡಿನಲ್ಲಲ್ಲ, ಮುಂದಿನ ವಾರ ಕಚೇರಿಯಲ್ಲಿ. ನಗರದ ವೈದ್ಯರ ಮುಂದೆ ಆ ಜ್ವರ ಡೆಂಗೆಯಂತೆಯೇ ಕಾಣುತ್ತದೆ. ರಕ್ತಪರೀಕ್ಷೆಯಲ್ಲಿ ಬಿಳಿ ರಕ್ತಕಣಗಳೂ ಪ್ಲೇಟ್‌ಲೆಟ್‌ಗಳೂ ಇಳಿದಿರುತ್ತವೆ, ಡೆಂಗೆಯಲ್ಲೂ ಹಾಗೆಯೇ. ‘ಕಳೆದ ವಾರ ಕಾಡಿಗೆ ಹೋಗಿದ್ದೆ’ ಎಂಬ ಒಂದು ಮಾತನ್ನು ರೋಗಿಯೇ ಹೇಳದಿದ್ದರೆ ವೈದ್ಯರಿಗೆ ಹೊಳೆಯುವುದು ಕಷ್ಟ. ಒಂದೇ ಬಗೆಯ ಲಕ್ಷಣಗಳನ್ನು ತೋರುವ ಹಲವು ರೋಗಗಳನ್ನು ಎದುರಿಗಿಟ್ಟುಕೊಂಡು ಒಂದೊಂದನ್ನೇ ತಳ್ಳಿಹಾಕುತ್ತ ಹೋಗುವ ಕ್ರಮಕ್ಕೆ ವೈದ್ಯರು ಭೇದಾತ್ಮಕ ರೋಗನಿರ್ಣಯ ಎನ್ನುತ್ತಾರೆ. ಆ ಪಟ್ಟಿಗೆ ಯಾವ ಹೆಸರು ಸೇರಬೇಕೆಂಬುದನ್ನು ಬಹುಪಾಲು ನಿರ್ಧರಿಸುವುದು ರೋಗಿ ಹೇಳುವ ವೃತ್ತಾಂತ.

ರೋಗಿ ಹೇಳುವುದು ಲಕ್ಷಣ, ವೈದ್ಯ ಕಾಣುವುದು ಚಿಹ್ನೆ. ತಲೆನೋವು, ಸೊಂಟ ಮತ್ತು ಮೀನಖಂಡಗಳ ಸೆಳೆತ, ಸುಸ್ತು – ಇವು ರೋಗಿಗೆ ಮಾತ್ರ ತಿಳಿಯುವಂಥವು, ಅಳೆಯಲು ಉಪಕರಣವಿಲ್ಲ. ಕೆಂಪಾದ ಕಣ್ಣು, ಇಳಿದ ರಕ್ತದೊತ್ತಡ, ಜ್ವರದ ಪ್ರಮಾಣಕ್ಕೆ ಹೋಲಿಸಿದರೆ ನಿಧಾನವಾಗಿರುವ ನಾಡಿ, ಒಸಡಿನಿಂದಲೋ ಮೂಗಿನಿಂದಲೋ ಜಿನುಗುವ ರಕ್ತ – ಇವು ಚಿಹ್ನೆಗಳು. ದಿನಬಳಕೆಯಲ್ಲಿ ಎರಡನ್ನೂ ಲಕ್ಷಣವೆಂದರೆ ತಪ್ಪೇನಿಲ್ಲ. ಹಲವು ಲಕ್ಷಣ, ಚಿಹ್ನೆಗಳು ಒಟ್ಟೊಟ್ಟಿಗೆ ಕಾಣಿಸಿಕೊಂಡಾಗ ಆ ಗುಂಪಿಗೆ ಲಕ್ಷಣಕೂಟ ಅಥವಾ ಸಿಂಡ್ರೋಮ್ ಎಂಬ ಹೆಸರಿದೆ.

‘ತೀವ್ರ’ ಎಂಬ ಪದವೂ ದಾರಿ ತಪ್ಪಿಸುತ್ತದೆ. ವೈದ್ಯಕೀಯ ವರದಿಯಲ್ಲಿ ‘ಅಕ್ಯೂಟ್’ ಎಂದಿದ್ದರೆ ಹಠಾತ್ತನೆ ಆರಂಭವಾಗಿ ಅಲ್ಪಕಾಲದಲ್ಲಿ ಮುಗಿಯುವಂಥದ್ದು ಎಂದರ್ಥ. ಅದು ಉಗ್ರವಾಗಿರಲೇಬೇಕೆಂದಿಲ್ಲ, ನೆಗಡಿಯೂ ಅಕ್ಯೂಟೇ. ಎದುರಿನ ಪದ ‘ಕ್ರಾನಿಕ್’, ಅಂದರೆ ದೀರ್ಘಕಾಲೀನ. ರೋಗ ಎಷ್ಟು ಗಂಭೀರ ಎಂಬುದು ಬೇರೆಯದೇ ಅಳತೆ.

ಮಂಗನ ಕಾಯಿಲೆಗೆ ಇನ್ನೊಂದು ಕೆಟ್ಟ ಗುಣವಿದೆ. ಒಂದು-ಎರಡು ವಾರದಲ್ಲಿ ಜ್ವರ ಬಿಟ್ಟು, ರೋಗಿ ಗುಣವಾದೆನೆಂದು ಮನೆಗೆ ಮರಳಿದ ಮೇಲೆ ಶೇ 10ರಿಂದ 20ರಷ್ಟು ಮಂದಿಯಲ್ಲಿ ಎರಡನೆಯ ಸುತ್ತು ಆರಂಭವಾಗುತ್ತದೆ. ಈ ಬಾರಿ ತೀವ್ರ ತಲೆನೋವು, ಕುತ್ತಿಗೆ ಬಿಗಿತ, ನಡುಕ, ಮಂಕು. ನಡುವಿನ ಬಿಡುವನ್ನು ವೈದ್ಯರು ಉಪಶಮನ ಎನ್ನುತ್ತಾರೆಯೇ ಹೊರತು ಗುಣ ಎನ್ನುವುದಿಲ್ಲ.

ಪರೀಕ್ಷೆಯ ವಿಷಯದಲ್ಲೂ ದಿನಾಂಕ ಮುಖ್ಯ. ಮೊದಲ ದಿನಗಳಲ್ಲಿ ರಕ್ತದಲ್ಲಿ ವೈರಾಣುವೇ ಇರುವುದರಿಂದ ಆರ್‌ಟಿ-ಪಿಸಿಆರ್ ಅದನ್ನು ನೇರವಾಗಿ ಹಿಡಿಯುತ್ತದೆ. ದಿನ ಕಳೆದಂತೆ ವೈರಾಣು ಕಡಿಮೆಯಾಗಿ, ದೇಹ ತಯಾರಿಸಿದ ಪ್ರತಿಕಾಯಗಳು ಹೆಚ್ಚುತ್ತವೆ. ಆಗ ಎಲೈಸಾ ಪರೀಕ್ಷೆ ಬೇಕು. ತಪ್ಪು ದಿನ ತಪ್ಪು ಪರೀಕ್ಷೆ ಮಾಡಿದರೆ ಬರುವ ‘ನೆಗೆಟಿವ್’ ಫಲಿತಾಂಶ ರೋಗವಿಲ್ಲ ಎಂಬುದಕ್ಕೆ ಪ್ರಮಾಣಪತ್ರವಲ್ಲ. ವೈರಾಣುವನ್ನು ಕೊಲ್ಲುವ ನಿರ್ದಿಷ್ಟ ಔಷಧ ಇದಕ್ಕಿಲ್ಲ. ದ್ರವಾಂಶ ಕಾಪಾಡುವುದು, ರಕ್ತಸ್ರಾವದ ಮೇಲೆ ಕಣ್ಣಿಡುವುದು, ಬೇಕಾದಾಗ ರಕ್ತಾಂಶ ನೀಡುವುದು – ಇದನ್ನೇ ಪೂರಕ ಚಿಕಿತ್ಸೆ ಎನ್ನುವುದು. ಪೂರಕ ಎಂಬ ಪದ ಕೇಳಲು ಹಗುರವಾದರೂ ಜೀವ ಉಳಿಸುವುದು ಅದೇ. ರಕ್ತಸ್ರಾವದ ಸಂಭವವಿರುವುದರಿಂದ ವೈದ್ಯರನ್ನು ಕೇಳದೆ ಆಸ್ಪಿರಿನ್, ಐಬುಪ್ರೊಫೆನ್ ನುಂಗುವುದು ಅಪಾಯಕಾರಿ.

ಹಂದಿಗೋಡಿನ ಏಡಿ

ಇನ್ನೊಂದು ರೋಗದ ಊರು ಸಾಗರ ಪಟ್ಟಣಕ್ಕೆ ಸಮೀಪದ ಹಂದಿಗೋಡು. 1970ರ ದಶಕದ ಮಧ್ಯಭಾಗದಲ್ಲಿ ಅಲ್ಲಿನ ಬಡ ದಲಿತ ಕುಟುಂಬಗಳ ಹಲವರು ಸೊಂಟದ ಕೀಲು, ಮಂಡಿಗಳ ನೋವಿನಿಂದ ನಡೆಯಲಾರದ ಸ್ಥಿತಿ ತಲುಪಿದ್ದು ಹೊರಜಗತ್ತಿನ ಗಮನಕ್ಕೆ ಬಂತು. ಕೆಲವರ ನಡಿಗೆ ತೂರಾಡುತ್ತಿತ್ತು, ಕೆಲವರ ಎತ್ತರವೇ ಕುಂಠಿತವಾಗಿತ್ತು. ಕಾರಣವೆಂದು ಮೊದಲು ಬೊಟ್ಟು ಮಾಡಿದ್ದು ಗದ್ದೆಯ ಏಡಿಗಳತ್ತ. ಭತ್ತದ ಗದ್ದೆಗಳಿಗೆ ಹೊಸದಾಗಿ ಕೀಟನಾಶಕ ಬಂದಿತ್ತು. ಕೂಲಿಕಾರರು ಏಡಿ ಹಿಡಿದು ತಿನ್ನುತ್ತಿದ್ದರು. ವಿಷ ಏಡಿಯ ಮೂಲಕ ಮೂಳೆಗಿಳಿದಿದೆ ಎಂಬ ತರ್ಕ ಎಲ್ಲರಿಗೂ ಒಪ್ಪಿಗೆಯಾಗುವಂತಿತ್ತು.

ತರ್ಕ ಸೊಗಸಾಗಿದ್ದರೆ ಸಾಲದು. ಎರಡು ಸಂಗತಿಗಳು ಜೊತೆಜೊತೆಯಾಗಿ ಕಂಡುಬಂದರೆ ಅದು ಸಹಸಂಬಂಧ. ಒಂದರಿಂದಲೇ ಇನ್ನೊಂದು ಆಯಿತೆಂದು ತೋರಿಸಿದರೆ ಮಾತ್ರ ಅದು ಕಾರಣ. ಅದೇ ಏಡಿ ತಿನ್ನುವ ಬೇರೆಯವರಿಗೆ ಏಕೆ ಬರುವುದಿಲ್ಲ? ಒಂದೇ ಮನೆತನದ ತಲೆಮಾರುಗಳಲ್ಲಿ ಏಕೆ ಮರುಕಳಿಸುತ್ತದೆ? ಹೈದರಾಬಾದ್‌ನ ರಾಷ್ಟ್ರೀಯ ಪೋಷಣ ಸಂಸ್ಥೆಯ ಸಂಶೋಧಕರು 1977ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನು ‘ಮಲೆನಾಡಿನ ಸ್ಥಾನಿಕ ಕೌಟುಂಬಿಕ ಸಂಧಿವಾತ’ ಎಂಬರ್ಥದ ಹೆಸರಿನಿಂದ ಕರೆಯಿತು. ಮುಂದಿನ ಎಕ್ಸ್-ರೇ ಹಾಗೂ ವಂಶಾವಳಿ ಅಧ್ಯಯನಗಳು ಇದು ಮೂಳೆಗಳ ಬೆಳವಣಿಗೆಯ ಅನುವಂಶಿಕ ದೋಷವೆಂದೂ, ಪ್ರಬಲ ವಂಶವಾಹಿಯಾಗಿ ಸಾಗುತ್ತದೆಂದೂ ತೋರಿಸಿದವು. ತಂದೆ-ತಾಯಿಯರಲ್ಲಿ ಒಬ್ಬರಿಗಿದ್ದರೆ ಪ್ರತಿ ಮಗುವಿಗೂ ಬರುವ ಸಂಭವ ಶೇ 50. ನಾಲ್ಕು ಮಕ್ಕಳಿದ್ದರೆ ಇಬ್ಬರಿಗೆ ಖಚಿತ ಎಂದು ಇದರರ್ಥವಲ್ಲ. ನಾಣ್ಯ ಪ್ರತಿ ಸಲವೂ ಹೊಸದಾಗಿ ಚಿಮ್ಮುತ್ತದೆ.

ಅನುವಂಶಿಕ ಎಂದರೆ ಹುಟ್ಟಿನಿಂದಲೇ ಗೋಚರಿಸುವಂಥದ್ದು ಎಂಬ ತಿಳಿವಳಿಕೆಯೂ ಸರಿಯಲ್ಲ. ಹಂದಿಗೋಡು ರೋಗ ಅನುವಂಶಿಕ, ಆದರೆ ನೋವು ಹೆಚ್ಚಾಗಿ ಬೆಳೆಯುವ ವಯಸ್ಸಿನಲ್ಲೋ ಆನಂತರವೋ ತಲೆದೋರುತ್ತದೆ. ಗರ್ಭಿಣಿಗೆ ರುಬೆಲ್ಲಾ ತಗುಲಿ ಮಗು ಕಣ್ಣು, ಕಿವಿ, ಹೃದಯದ ದೋಷಗಳೊಂದಿಗೆ ಜನಿಸಿದರೆ ಅದು ಜನ್ಮಜಾತ, ಆದರೆ ಅನುವಂಶಿಕವಲ್ಲ. ಮೊದಲನೆಯದಕ್ಕೆ ಲಸಿಕೆಯಿಲ್ಲ, ಎರಡನೆಯದನ್ನು ಲಸಿಕೆಯಿಂದ ತಡೆಯಬಹುದು. ಹಂದಿಗೋಡು ರೋಗಿಗಳಿಗೆ ಇಂದಿಗೂ ಇರುವುದು ನೋವುಶಮನ, ವ್ಯಾಯಾಮ ಚಿಕಿತ್ಸೆ, ಕೆಲವರಿಗೆ ಕೀಲು ಬದಲಿಸುವ ಶಸ್ತ್ರಚಿಕಿತ್ಸೆ. ಏಡಿಯ ಮೇಲಿನ ಅಪವಾದ ಮಾತ್ರ ಊರವರ ಬಾಯಲ್ಲಿ ಬಹುಕಾಲ ಉಳಿಯಿತು. ಆ ಊರಿನ ಹೆಸರೂ ರೋಗಕ್ಕೆ ಶಾಶ್ವತವಾಗಿ ಅಂಟಿಕೊಂಡಿತು. ಹೊಸ ರೋಗಗಳಿಗೆ ಊರು, ಜನ, ಪ್ರಾಣಿಗಳ ಹೆಸರಿಡಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಸೂಚಿಸಿತು. ಕ್ಯಾಸನೂರಿಗೂ ಹಂದಿಗೋಡಿಗೂ ಅದು ಬಹಳ ತಡವಾಗಿತ್ತು.

ಎಣಿಕೆಯ ಕಷ್ಟ

ಒಂದು ಪ್ರದೇಶದಲ್ಲಿ ಸದಾ ಬೇರೂರಿರುವ ರೋಗ ಸ್ಥಾನಿಕ. ನಿರೀಕ್ಷೆಗಿಂತ ಹೆಚ್ಚು ಪ್ರಕರಣಗಳು ಕಂಡುಬಂದರೆ ಅದು ಉಲ್ಬಣ, ಅದರ ವ್ಯಾಪ್ತಿ ದೊಡ್ಡದಾದರೆ ಪಿಡುಗು. ದೇಶ-ಖಂಡಗಳನ್ನು ದಾಟಿದರೆ ಜಾಗತಿಕ ಪಿಡುಗು. ಸಮಸ್ಯೆಯೆಂದರೆ ಕನ್ನಡದಲ್ಲಿ ‘ಸಾಂಕ್ರಾಮಿಕ’ ಎಂಬುದು ಹರಡುವ ಗುಣಕ್ಕೂ ಪಿಡುಗಿನ ಪ್ರಮಾಣಕ್ಕೂ ಒಂದೇ ಪದ. ಹಾಗಾಗಿಯೇ ‘ಮಧುಮೇಹ ಸಾಂಕ್ರಾಮಿಕವಾಗುತ್ತಿದೆ’ ಎಂಬ ಶೀರ್ಷಿಕೆ ಓದಿ ಅದು ಅಂಟುತ್ತದೆಯೇ ಎಂದು ಕೇಳುವವರಿದ್ದಾರೆ. ರೋಗಗಳು ಜನಸಮುದಾಯದಲ್ಲಿ ಹೇಗೆ ಹಂಚಿಕೆಯಾಗಿವೆ, ಏಕೆ ಎಂದು ಅಧ್ಯಯನ ಮಾಡುವ ಶಾಸ್ತ್ರವನ್ನು ‘ಸಾಂಕ್ರಾಮಿಕ ರೋಗಶಾಸ್ತ್ರ’ ಎಂದು ಕರೆಯುವುದೂ ಇಂಥದೇ ಎಡವಟ್ಟು. ಹಂದಿಗೋಡಿನ ಮೂಳೆರೋಗವನ್ನೂ ಅಧ್ಯಯನ ಮಾಡಿದ್ದು ಅದೇ ಶಾಸ್ತ್ರ.

ಮಂಗನ ಕಾಯಿಲೆ ಹಲವು ದಶಕಗಳ ಕಾಲ ಕರ್ನಾಟಕದ ಪಶ್ಚಿಮಘಟ್ಟದ ಕೆಲವು ಜಿಲ್ಲೆಗಳಿಗೆ ಸ್ಥಾನಿಕವೆಂದೇ ಪರಿಗಣಿತವಾಗಿತ್ತು. 2012ರ ನಂತರ ಚಿತ್ರ ಬದಲಾಯಿತು. ಚಾಮರಾಜನಗರದ ಬಂಡೀಪುರ, ತಮಿಳುನಾಡಿನ ನೀಲಗಿರಿ, ಕೇರಳದ ವಯನಾಡು, ಗೋವಾ, ಮಹಾರಾಷ್ಟ್ರದ ಸಿಂಧುದುರ್ಗಗಳಲ್ಲೂ ಅದು ಕಾಣಿಸಿಕೊಂಡಿತು. 2018ರ ಕೊನೆಯಲ್ಲಿ ಆರಂಭವಾಗಿ 2019ರಲ್ಲಿ ಸಾಗರ ತಾಲ್ಲೂಕಿನ ಅರಲಗೋಡನ್ನು ನಡುಗಿಸಿದ್ದು ಉಲ್ಬಣ. 2024ರ ಬೇಸಿಗೆಯಲ್ಲೂ ಶಿವಮೊಗ್ಗ, ಉತ್ತರ ಕನ್ನಡ, ಚಿಕ್ಕಮಗಳೂರು ಜಿಲ್ಲೆಗಳಲ್ಲಿ ಪ್ರಕರಣಗಳು ವರದಿಯಾಗಿ, ರಾಜ್ಯದಲ್ಲಿ ಸಾವುಗಳೂ ಸಂಭವಿಸಿದವು.

ಎಷ್ಟು ಮಂದಿಗೆ ರೋಗವಿದೆ ಎಂಬ ಪ್ರಶ್ನೆಗೆ ಎರಡು ಉತ್ತರಗಳಿವೆ. ನಿಗದಿತ ಅವಧಿಯಲ್ಲಿ ಹೊಸದಾಗಿ ಎಷ್ಟು ಮಂದಿಗೆ ಬಂತು ಎಂಬುದು ಸಂಭವದರ. ಒಂದು ಗೊತ್ತಾದ ದಿನ ಒಟ್ಟು ಎಷ್ಟು ಮಂದಿ ರೋಗಪೀಡಿತರಾಗಿದ್ದಾರೆ ಎಂಬುದು ಇರವಿನ ದರ. ಮಂಗನ ಕಾಯಿಲೆಯಲ್ಲಿ ರೋಗಿ ಕೆಲವೇ ವಾರಗಳಲ್ಲಿ ಗುಣವಾಗುತ್ತಾನೆ ಇಲ್ಲವೇ ಸಾಯುತ್ತಾನೆ. ಬೇಸಿಗೆಯಲ್ಲಿ ನೂರಾರು ಪ್ರಕರಣಗಳಿದ್ದರೂ ಆಗಸ್ಟ್‌ನ ಒಂದು ದಿನ ಎಣಿಸಿದರೆ ಇರವು ಸೊನ್ನೆಯ ಆಸುಪಾಸು. ಹಂದಿಗೋಡು ರೋಗ ತದ್ವಿರುದ್ಧ. ಹೊಸ ಪ್ರಕರಣಗಳು ವಿರಳ, ಆದರೆ ಬಂದವರು ಬದುಕಿನುದ್ದಕ್ಕೂ ಪಟ್ಟಿಯಲ್ಲಿರುತ್ತಾರೆ. ಮಳೆಗಾಲದ ಒಂದು ಸಮೀಕ್ಷೆಯನ್ನು ಮಾತ್ರ ನಂಬಿ ಹಣ ಹಂಚಿದರೆ ಮಂಗನ ಕಾಯಿಲೆಗೆ ಬಿಡಿಗಾಸೂ ಸಿಗುವುದಿಲ್ಲ.

ಸಾವಿನ ಲೆಕ್ಕ ಇನ್ನೂ ಸೂಕ್ಷ್ಮ. ಮಂಗನ ಕಾಯಿಲೆಯ ಮಾರಕತೆ ಶೇ 3ರಿಂದ 5 ಎಂಬುದು ಸಾಮಾನ್ಯವಾಗಿ ಉಲ್ಲೇಖಿಸುವ ಅಂಕಿ. ಇದು ರೋಗಿಗಳ ಪೈಕಿ ಸತ್ತವರ ಪ್ರಮಾಣವೇ ಹೊರತು ಜನಸಂಖ್ಯೆಯ ಪೈಕಿ ಅಲ್ಲ. ಜನಸಂಖ್ಯೆಯ ಲೆಕ್ಕದ್ದು ಮರಣದರ. ಊಹೆಗೆ ಒಂದು ಲೆಕ್ಕ: ಒಂದು ತಾಲ್ಲೂಕಿನಲ್ಲಿ 200 ಪ್ರಕರಣ ದೃಢಪಟ್ಟು 8 ಮಂದಿ ಸತ್ತರೆ ಮಾರಕತೆ ಶೇ 4. ಆದರೆ ಲಘು ಜ್ವರವೆಂದು ಆಸ್ಪತ್ರೆಗೇ ಹೋಗದವರು ಇನ್ನೂ 200 ಮಂದಿ ಇದ್ದರೆ ನಿಜವಾದ ಪ್ರಮಾಣ ಶೇ 2. ಸತ್ತ ಮೇಲೂ ಪರೀಕ್ಷೆಯಾಗದೆ ‘ಶಂಕಿತ’ ಎಂಬ ಕಾಲಂನಲ್ಲೇ ಉಳಿದವರು ಕೆಲವರಿದ್ದರೆ ಲೆಕ್ಕ ಮತ್ತೆ ಮೇಲೇರುತ್ತದೆ. ಶಂಕಿತ, ಸಂಭವನೀಯ, ದೃಢಪಟ್ಟ ಎಂಬ ಮೂರು ಪದಗಳ ನಡುವಿನ ಗೆರೆಯನ್ನು ಪ್ರಕರಣದ ವ್ಯಾಖ್ಯೆ ಎನ್ನುತ್ತಾರೆ. ಗೆರೆ ಸರಿದರೆ ಅಂಕಿಯೂ ಸರಿಯುತ್ತದೆ. ರೋಗ ‘ಇಳಿಮುಖ’ ಎಂಬ ಹೇಳಿಕೆ ಬಂದಾಗಲೆಲ್ಲ ಪರೀಕ್ಷೆಗಳು ಎಷ್ಟಾದವು ಎಂದೂ ಕೇಳುವುದು ಜಾಣತನ.

ಶೇ 62 ಎಂದರೇನು?

ಪೌಲ್ಟ್ರಿ ಭ್ರೂಣದ ಜೀವಕೋಶಗಳಲ್ಲಿ ವೈರಾಣು ಬೆಳೆಸಿ, ಫಾರ್ಮಲಿನ್‌ನಿಂದ ಅದನ್ನು ನಿಷ್ಕ್ರಿಯಗೊಳಿಸಿ ತಯಾರಿಸಿದ ಲಸಿಕೆಯೊಂದನ್ನು 1990ರಿಂದ ಮಲೆನಾಡಿನಲ್ಲಿ ನೀಡಲಾಗುತ್ತಿತ್ತು. ಒಂದು ತಿಂಗಳ ಅಂತರದಲ್ಲಿ ಎರಡು ಡೋಸ್, ಆಮೇಲೆ 6ರಿಂದ 9 ತಿಂಗಳಲ್ಲಿ ಬೂಸ್ಟರ್, ನಂತರ ವರ್ಷವರ್ಷವೂ ಮತ್ತೆ. ನೋವಿನ ಚುಚ್ಚುಮದ್ದೆಂದು ಹೆಸರಾಗಿದ್ದ ಇದಕ್ಕೆ ಜನ ಪೂರ್ತಿ ಡೋಸ್‌ಗಳಿಗೆ ಬರುತ್ತಿರಲಿಲ್ಲ. 2005ರಿಂದ 2010ರ ಅವಧಿಯ ದತ್ತಾಂಶ ಆಧರಿಸಿದ ಅಧ್ಯಯನವೊಂದು ಎರಡು ಡೋಸ್‌ಗಳ ಪರಿಣಾಮಕಾರಿತ್ವ ಶೇ 62, ಬೂಸ್ಟರ್ ಸೇರಿದರೆ ಶೇ 83ರಷ್ಟು ಎಂದು ಅಂದಾಜಿಸಿತು.

ಈ ಶೇ 62ನ್ನು ‘ನೂರರಲ್ಲಿ 62 ಮಂದಿಗೆ ರಕ್ಷಣೆ, ಉಳಿದ 38 ಮಂದಿಗೆ ಕಾಯಿಲೆ’ ಎಂದು ಓದಿದವರೇ ಹೆಚ್ಚು. ಅದು ತಪ್ಪು. ಲಸಿಕೆ ಪಡೆಯದ ಗುಂಪಿನಲ್ಲಿ 100 ಮಂದಿಗೆ ಕಾಯಿಲೆ ಬಂದಿದ್ದರೆ, ಅಷ್ಟೇ ದೊಡ್ಡದಾದ, ಅಷ್ಟೇ ಕಾಡಿಗೆ ಹೋಗುವ ಲಸಿಕೆ ಪಡೆದ ಗುಂಪಿನಲ್ಲಿ 38 ಮಂದಿಗೆ ಬಂದಿತು ಎಂಬುದು ಅದರ ಅರ್ಥ. ಹತ್ತು ಸಾವಿರ ಜನರಲ್ಲಿ 38 ಎಂಬುದಕ್ಕೂ ನೂರು ಜನರಲ್ಲಿ 38 ಎಂಬುದಕ್ಕೂ ಇರುವ ವ್ಯತ್ಯಾಸ ಅಜಗಜಾಂತರ. ಆದರೂ ಲಸಿಕೆ ಪಡೆದವರಲ್ಲೂ ಪ್ರಕರಣಗಳು ಕಾಣುತ್ತಲೇ ಹೋದವು. ಅದರ ಸಾಮರ್ಥ್ಯದ ಬಗ್ಗೆ ಅನುಮಾನಗಳು ಗಟ್ಟಿಯಾಗಿ 2022ರಲ್ಲಿ ಬಳಕೆಯನ್ನು ನಿಲ್ಲಿಸಲಾಯಿತು.

ಬದಲಿ ಲಸಿಕೆಯ ಅಭಿವೃದ್ಧಿಯನ್ನು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು ಹೈದರಾಬಾದ್‌ನ ಇಂಡಿಯನ್ ಇಮ್ಯುನೊಲಾಜಿಕಲ್ಸ್ ಸಂಸ್ಥೆಯ ಜೊತೆ ಕೈಗೆತ್ತಿಕೊಂಡಿದೆ. ಅದು ಹಳ್ಳಿಯ ಆರೋಗ್ಯ ಕೇಂದ್ರಕ್ಕೆ ಬರುವವರೆಗೆ ಕಾಡಿಗೆ ಹೋಗುವವರಿಗೆ ಉಳಿದಿರುವುದು ಮೈಮುಚ್ಚುವ ಬಟ್ಟೆ, ಕೈಕಾಲಿಗೆ ಹಚ್ಚಿಕೊಳ್ಳಲು ಆರೋಗ್ಯ ಇಲಾಖೆ ವಿತರಿಸುವ ಡೇಪಾ ತೈಲ, ಮರಳಿದೊಡನೆ ಬಿಸಿನೀರಿನ ಸ್ನಾನ ಮತ್ತು ಮೈಮೇಲೆ ಉಣುಗು ಹುಡುಕುವ ತಾಳ್ಮೆ. ನವೆಂಬರ್‌ನಿಂದ ಮೇವರೆಗಿನ ಅವಧಿಯಲ್ಲಿ ಮಲೆನಾಡಿಗೆ ಹೋಗಿ ಬಂದ ಎರಡು ವಾರದೊಳಗೆ ಜ್ವರ ಬಂದರೆ, ಡೆಂಗೆ ಪರೀಕ್ಷೆ ಬರೆಯುತ್ತಿರುವ ವೈದ್ಯರಿಗೆ ಪ್ರವಾಸದ ದಿನಾಂಕವನ್ನೂ ತಿಳಿಸಬೇಕು. ಮಂಗ ಕಂಡಿತೇ ಇಲ್ಲವೇ ಎಂಬುದು ಅಲ್ಲಿ ಮುಖ್ಯವಲ್ಲ.